ಸಂಪಾದಕರ ಉತ್ತರ: ಸೋಲುವ ತಂಡವನ್ನು ಬಿಡಬೇಕೆ?

ತುಮಕೂರು ಕಡೆಯಿಂದ ಹೋಗಿ ಹದಿನಾಲ್ಕು ವರ್ಷಗಳಿಂದ ಚಿಕಾಗೋದಲ್ಲಿ ನೆಲೆಸಿರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರು ಆ ಊರಿನ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ. ಪತ್ರದ ಕೊನೆಯ ಸಾಲುಗಳು ಹೀಗಿವೆ: "ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಾಚಿಕೆಯಾಯಿತು, ಈಗ ಏನೂ ಅನ್ನಿಸುವುದಿಲ್ಲ. ಊರಿನ ಇನ್ನೊಂದು ತಂಡವಾದ ಕಬ್ಸ್ ಕಡೆ ಹೋಗು ಎಂದು ಗೆಳೆಯರು ಹೇಳುತ್ತಾರೆ. ಹನ್ನೊಂದು ವರ್ಷದ ಮಗಳು ಮಾತ್ರ ಪ್ರತಿ ಪಂದ್ಯವನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತಾಳೆ. ಅವಳಿಗೆ ಬುದ್ಧಿ ಹೇಳಿ ಬಿಡಿಸಬೇಕೋ, ಅವಳ ಜೊತೆ ಕೂರಬೇಕೋ ತಿಳಿಯುತ್ತಿಲ್ಲ."

ಮಾನ್ಯರೇ,

ಮಗಳ ಜೊತೆ ಕೂರಿ. ನೀವು ಕೇಳಿದ್ದಕ್ಕೆ ಉತ್ತರ ಅಷ್ಟೇ. ಆದರೆ ನಿಮ್ಮ ಪತ್ರ ಎರಡು ದಿನ ನನ್ನ ತಲೆಯಿಂದ ಇಳಿಯಲಿಲ್ಲ. ಹಾಗಾಗಿ ಈ ಸಲ ಪುಟದ ಉಳಿದ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ.

ನಮ್ಮ ಇತರ ಓದುಗರಿಗೆ ಮೊದಲು ಒಂದು ವಿಷಯ ಹೇಳಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಅಲ್ಲಿ ಸೋಲು ಹಬ್ಬಕ್ಕೊಮ್ಮೆ ಬರುವ ನೆಂಟನಲ್ಲ, ಮನೆಯಲ್ಲೇ ಠಿಕಾಣಿ ಹೂಡುತ್ತದೆ. ವೈಟ್ ಸಾಕ್ಸ್ 2023ರಲ್ಲಿ 101 ಪಂದ್ಯ ಸೋತಿತು. 2024ರಲ್ಲಿ 121. ಒಂದೇ ಋತುವಿನಲ್ಲಿ ಅಷ್ಟು ಸೋಲನ್ನು 1900ರಿಂದೀಚೆಗೆ ಯಾವ ತಂಡವೂ ಕಂಡಿರಲಿಲ್ಲ. 1962ರ ನ್ಯೂಯಾರ್ಕ್ ಮೆಟ್ಸ್ 120ಕ್ಕೆ ನಿಂತಿತ್ತು. 2024ರ ಜುಲೈ 10ರಿಂದ ಆಗಸ್ಟ್ 5ರವರೆಗೆ ವೈಟ್ ಸಾಕ್ಸ್‌ಗೆ ಸತತ 21 ಪಂದ್ಯಗಳು ಕೈತಪ್ಪಿದವು. 2025ರಲ್ಲಿ ಮತ್ತೆ 102 ಸೋಲು. ಈ ಮೂರು ವರ್ಷಗಳ ಗೆಲುವುಗಳನ್ನು ಕೂಡಿಸಿ ನೋಡಿದೆ: 61, 41, 60. ಒಟ್ಟು 162. ಒಂದು ವರ್ಷದ ಆಟವೆಷ್ಟೋ ಮೂರು ವರ್ಷಗಳ ಗೆಲುವು ಅಷ್ಟೇ. ಇಷ್ಟನ್ನು ನುಂಗಿಕೊಂಡವರಿಗೆ ಬೇಸರ ಬಂದರೆ ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ನಿಮ್ಮ ಗೆಳೆಯರ ಮಾತಿನಲ್ಲೂ ಹುರುಳಿದೆ. ಟಿಕೆಟ್, ಕಾರು ನಿಲ್ಲಿಸುವ ಶುಲ್ಕ, ಅಲ್ಲಿಯ ತಿಂಡಿ ಎಲ್ಲಕ್ಕೂ ಬೆವರಿನ ದುಡ್ಡೇ ಹೋಗಬೇಕು. ಕಷ್ಟಪಟ್ಟು ದುಡಿದದ್ದನ್ನು ಎಲ್ಲಿ ಕೊಡಬೇಕೆಂಬುದು ಅವರವರ ಇಷ್ಟ. ಆದರೆ ಅವರು ನಿಮ್ಮನ್ನು ಕರೆಯುತ್ತಿರುವುದು ಎಲ್ಲಿಗೆ? ಕಬ್ಸ್ ಕಡೆಗೆ! 1908ರಲ್ಲಿ ವಿಶ್ವ ಸರಣಿ, ಅಂದರೆ ಬೇಸ್‌ಬಾಲ್‌ನ ವರ್ಷದ ಅಂತಿಮ ಪ್ರಶಸ್ತಿ, ಗೆದ್ದ ಆ ತಂಡ ಅದನ್ನು ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ 108 ವರ್ಷ. ಆ ಗೆಲುವಿನ ವಾರ ಅವರ ರಿಗ್ಲಿ ಫೀಲ್ಡ್ ಮೈದಾನದ ಹೊರಗಿನ ಇಟ್ಟಿಗೆ ಗೋಡೆಯ ಮೇಲೆ ಜನ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಗೆಲುವು ನೋಡದೆ ತೀರಿಕೊಂಡ ಅಪ್ಪ, ಅಜ್ಜಿ, ಅಣ್ಣಂದಿರ ಹೆಸರುಗಳು. ಕೈಗೆಟುಕುವ ಜಾಗ ತುಂಬಿದ ಮೇಲೆ ಒಬ್ಬರ ಹೆಗಲೇರಿ ಇನ್ನೊಬ್ಬರು ಬರೆದರು. ಆ ಅಜ್ಜ ಅಜ್ಜಿಯರೆಲ್ಲ ಗೆಲ್ಲುವ ತಂಡ ಹುಡುಕಿಕೊಂಡು ಹೋಗಿದ್ದರೆ ಗೋಡೆಯ ಮೇಲೆ ಬರೆಯಲು ಯಾರ ಹೆಸರಿರುತ್ತಿತ್ತು? ನಿಮ್ಮ ಗೆಳೆಯರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

1988ರ ಬಾಲ್ಟಿಮೋರ್ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಇನ್ನೊಮ್ಮೆ ಕೇಳಿ. ಆ ವರ್ಷ ಓರಿಯಲ್ಸ್ ತಂಡ ಋತುವಿನ ಮೊದಲ ದಿನದಿಂದಲೇ ಸೋಲಲು ಶುರುಮಾಡಿ ಸತತ 21 ಪಂದ್ಯ ಸೋತಿತು. ಆರನೆಯ ಸೋಲಿಗೇ ಮ್ಯಾನೇಜರ್ ಕ್ಯಾಲ್ ರಿಪ್ಕನ್ ಸೀನಿಯರ್ ಅವರನ್ನು ಮನೆಗೆ ಕಳುಹಿಸಿದರು. ಅವರ ಇಬ್ಬರು ಗಂಡುಮಕ್ಕಳು ಅದೇ ತಂಡದಲ್ಲಿ ಆಡುತ್ತಿದ್ದರು. ಅಪ್ಪ ಹೊರಗೆ ಹೋದ ಮೈದಾನಕ್ಕೇ ಅವರು ಮತ್ತೆ ಇಳಿಯಬೇಕಿತ್ತು. ಆ ಊರಿನ ರೇಡಿಯೊ ನಿರೂಪಕನೊಬ್ಬ ತಂಡ ಗೆಲ್ಲುವವರೆಗೆ ಸ್ಟುಡಿಯೊ ಬಿಡುವುದಿಲ್ಲವೆಂದು ಹಟ ಹಿಡಿದು ಹನ್ನೊಂದು ದಿನ ಅಲ್ಲೇ ಉಳಿದ. ಕೊನೆಗೆ ಏಪ್ರಿಲ್ 29ರಂದು ಗೆಲುವು ಬಂತು. ಎಲ್ಲಿ ಗೊತ್ತೇ? ನಿಮ್ಮ ಚಿಕಾಗೋದಲ್ಲಿ, ನಿಮ್ಮ ವೈಟ್ ಸಾಕ್ಸ್ ಎದುರು, 9–0.

ಅದಾದ ಮೇಲೂ ಎರಡು ಸೋತು, 24ರಲ್ಲಿ ಒಂದೇ ಗೆಲುವು ಹಿಡಿದು ತಂಡ ಊರಿಗೆ ಮರಳಿತು. ಮೇ 2ರ ಆ ರಾತ್ರಿ ಮೈದಾನಕ್ಕೆ ಬಂದವರು 50,402 ಮಂದಿ. ಅಂದು ಯಾವ ಪ್ರಶಸ್ತಿಯೂ ಇರಲಿಲ್ಲ. ಜ್ವರದಲ್ಲಿ ಮಲಗಿದವನನ್ನು ನೋಡಲು ಬಂದ ಹಾಗೆ ಬಂದರು. ಹೊಸ ಮೈದಾನ ಕಟ್ಟಿ ತಂಡವನ್ನು ಅದೇ ಊರಿನಲ್ಲಿ ಉಳಿಸಿಕೊಳ್ಳುವ ಒಪ್ಪಂದವೂ ಆ ರಾತ್ರಿಯೇ ಘೋಷಣೆಯಾಯಿತು. ಮರುವರ್ಷ ಅದೇ ತಂಡ 87 ಪಂದ್ಯ ಗೆದ್ದು ಕೊನೆಯ ವಾರದವರೆಗೂ ಪೈಪೋಟಿಯಲ್ಲಿತ್ತು.

ಬೇಸ್‌ಬಾಲ್‌ನ ಕೂಟ ಮುಚ್ಚಿದ ಬಾಗಿಲಿನದು ಎಂಬುದನ್ನೂ ನೆನಪಿಡಬೇಕು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಂದವರು ಕೆಳದರ್ಜೆಗೆ ಇಳಿಯುತ್ತಾರೆ, ಇಲ್ಲಿ ಎಷ್ಟು ಸೋತರೂ ಜಾಗ ಭದ್ರ. ಮೇಲಾಗಿ ಹೊಸ ಆಟಗಾರರನ್ನು ಹಂಚುವ ಡ್ರಾಫ್ಟ್‌ನಲ್ಲಿ ಸೋತವರಿಗೇ ಮೊದಲ ಮಣೆ. ಹ್ಯೂಸ್ಟನ್ ತಂಡ 2011ರಿಂದ ಮೂರು ವರ್ಷ 106, 107, 111 ಪಂದ್ಯ ಸೋತು 2017ರಲ್ಲಿ ವಿಶ್ವ ಸರಣಿ ಗೆದ್ದ ಮೇಲೆ ಮೊದಲು ಸೋತು ಆಮೇಲೆ ಗೆಲ್ಲುವುದೇ ಒಂದು ವಿದ್ಯೆಯಾಯಿತು. ಅದನ್ನು ತಡೆಯಲು ಮಾಡಿದ ಹೊಸ ನಿಯಮದ ಪೆಟ್ಟು ನಿಮ್ಮ ತಂಡಕ್ಕೇ ಬಿತ್ತು: 121 ಸೋತರೂ 2025ರ ಡ್ರಾಫ್ಟ್‌ನಲ್ಲಿ ಹತ್ತನೆಯ ಸರದಿ. ಹಾಗಾಗಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ಬಿಸಿಲಲ್ಲಿ ನಿಂತು ಆಡುವ ಹುಡುಗರ ಮೇಲೆ ಬೀಳಬಾರದು, ಲೆಕ್ಕದ ಪುಸ್ತಕ ಹಿಡಿದು ಕುಳಿತವರನ್ನು ಮುಟ್ಟಬೇಕು.

ನಿಮ್ಮ ತಂಡದ ಒಡೆತನ 1981ರಿಂದ ಜೆರಿ ರೈನ್ಸ್‌ಡಾರ್ಫ್ ನೇತೃತ್ವದ ಗುಂಪಿನದು. ಹೊಸ ಮೈದಾನ ಕಟ್ಟಿಕೊಡದಿದ್ದರೆ ತಂಡವನ್ನು ಫ್ಲಾರಿಡಾಕ್ಕೆ ಒಯ್ಯುತ್ತೇವೆ ಎಂಬ ಬೆದರಿಕೆ ಇದ್ದದ್ದೂ ಆ 1988ರಲ್ಲೇ. ಜೂನ್ 30ರ ಮಧ್ಯರಾತ್ರಿಯೊಳಗೆ ಮಸೂದೆ ಅಂಗೀಕಾರವಾಗಬೇಕಿತ್ತು. ಸಮಯ ಮೀರುತ್ತದೆಂದು ಚಿಕಾಗೋ ಇರುವ ಇಲಿನಾಯ್ ರಾಜ್ಯದ ಶಾಸನಸಭೆಯ ಗಡಿಯಾರವನ್ನೇ ನಿಲ್ಲಿಸಿ ಮತ ಹಾಕಿದರು. ಸಾರ್ವಜನಿಕ ಹಣದಲ್ಲಿ ಎದ್ದ ಆ ಮೈದಾನ 1991ರಲ್ಲಿ ತೆರೆಯಿತು. ಮತ್ತೆ 2024ರಲ್ಲಿ, 121 ಸೋಲಿನ ಅದೇ ವರ್ಷ, ಇನ್ನೊಂದು ಮೈದಾನಕ್ಕೆ ಸಾರ್ವಜನಿಕ ಹಣದ ಬೇಡಿಕೆ ಬಂತು. ಜನರ ಪ್ರೀತಿಯನ್ನು ಅಡವಿಟ್ಟು ಸಾಲ ಎತ್ತುವ ಈ ರೀತಿಯನ್ನು ನಾನು ಒಪ್ಪಲಾರೆ.

ಓಕ್ಲೆಂಡಿನ ಅಥ್ಲೆಟಿಕ್ಸ್ ತಂಡದ ಅಭಿಮಾನಿಗಳು ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಜನ ಬರುವುದಿಲ್ಲ, ಆದ್ದರಿಂದ ಊರು ಬಿಡುತ್ತೇವೆ ಎಂದು ಮಾಲೀಕರು ಹೇಳುತ್ತಿದ್ದಾಗ, 2023ರ ಜೂನ್ 13ರಂದು ಅವರು ಬಹಿಷ್ಕಾರವನ್ನೇ ತಿರುಗುಮುರುಗು ಮಾಡಿದರು. ಎಲ್ಲರೂ ಸೇರಿ ಬರೋಣ ಎಂದು ನಿಶ್ಚಯಿಸಿ 27,759 ಮಂದಿ ಬಂದರು. ಹಸಿರು ಅಂಗಿಯ ಮೇಲೆ ಒಂದೇ ಪದ: ಮಾರು, ಅಂದರೆ ತಂಡವನ್ನು ಬೇರೆಯವರಿಗೆ ಮಾರಿಬಿಡು. ಐದನೆಯ ಇನಿಂಗ್ಸ್‌ನ ಮೊದಲ ಬ್ಯಾಟರ್ ಆಡುವಷ್ಟು ಹೊತ್ತು ಇಡೀ ಮೈದಾನ ಉಸಿರೆತ್ತಲಿಲ್ಲ, ಆಮೇಲೆ ಒಂದೇ ದನಿಯಲ್ಲಿ ಕೂಗಿತು. ತಂಡ ಊರಿನಲ್ಲಿ ಉಳಿಯಲಿಲ್ಲ, ನಿಜ. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಆಟ ಮುಗಿಯಿತು. ಆದರೆ ಜನ ಬರಲಿಲ್ಲ ಎಂಬ ನೆಪವನ್ನು ಮಾಲೀಕರ ಕೈಯಿಂದ ಅವರು ಕಸಿದುಕೊಂಡಿದ್ದರು.

ಆ ನೆಪವನ್ನು ನಾನು ನಮ್ಮಲ್ಲಿ ಎಷ್ಟು ಕಡೆ ಕೇಳಿದ್ದೇನೆ! ಹಳ್ಳಿಯ ಕನ್ನಡ ಶಾಲೆಗೆ ಮೇಷ್ಟರನ್ನು ಕೊಡುವುದಿಲ್ಲ, ಸೋರುವ ಹೆಂಚು ಬದಲಿಸುವುದಿಲ್ಲ. ಅನುಕೂಲಸ್ಥರು ಮಕ್ಕಳನ್ನು ಬಿಡಿಸಿಕೊಂಡು ಪೇಟೆಯ ವ್ಯಾನು ಹತ್ತಿಸುತ್ತಾರೆ. ಆಮೇಲೆ ಒಂದು ದಿನ ಮಕ್ಕಳ ಸಂಖ್ಯೆ ಸಾಲದು ಎಂದು ಬೀಗ ಬೀಳುತ್ತದೆ. ರಾತ್ರಿಯ ಕೊನೆಯ ಬಸ್ಸು ನಿಂತದ್ದೂ ಹೀಗೆಯೇ, ತಾಲ್ಲೂಕಿನ ವಾಚನಾಲಯ ಮುಚ್ಚಿದ್ದೂ ಹೀಗೆಯೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 625 ಪಡೆದವರ ಭಾವಚಿತ್ರ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಅದೇ ಸಂಜೆ ಮನೆಯ ಹಿತ್ತಿಲಲ್ಲಿ ಒಂಟಿಯಾಗಿ ಕುಳಿತ ಹುಡುಗನ ಪಕ್ಕ ಯಾರು ಕುಳಿತರು ಎಂದು ಕೇಳಲು ಒಬ್ಬ ವರದಿಗಾರನನ್ನೂ ಕಳುಹಿಸಲಿಲ್ಲ. ಆ ತಪ್ಪು ಈಗಲೂ ನನ್ನನ್ನು ಚುಚ್ಚುತ್ತದೆ.

ನಮ್ಮೂರಿನ ವಾಲಿಬಾಲ್ ತಂಡ ಜಾತ್ರೆಯ ಪಂದ್ಯಾವಳಿಯಲ್ಲಿ ನನಗೆ ತಿಳಿದಂತೆ ಒಂಬತ್ತು ವರ್ಷ ಮೊದಲ ಸುತ್ತನ್ನೂ ದಾಟಲಿಲ್ಲ. ನನ್ನ ಸೋದರಮಾವನಿಗೆ ಆಡುವ ವಯಸ್ಸು ಮೀರಿತ್ತು. ಗೂಟ ನೆಟ್ಟು, ಸೆಣಬಿನ ಹುರಿ ಬಿಗಿದು, ತಳಕ್ಕೆ ತೂತು ಹೊಡೆದ ಡಾಲ್ಡಾ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ, ಬಗ್ಗಿ ಹಿಂದೆ ಹಿಂದೆ ನಡೆದು ಗೆರೆ ಎಳೆಯುವುದು ಅವರ ಕೆಲಸ. ಆಟ ಸೋತು ಎಲ್ಲರೂ ಹೊರಟ ಮೇಲೆ ನೆಟ್ ಬಿಚ್ಚಿ, ದೂಳು ಕೊಡವಿ, ಹರಿದ ಕಣ್ಣುಗಳನ್ನು ಲಾಟೀನಿನ ಬೆಳಕಿನಲ್ಲಿ ನೈಲಾನ್ ದಾರದಿಂದ ಹೆಣೆಯುತ್ತಿದ್ದರು. ಬೆರಳ ಸಂದಿಯ ಸುಣ್ಣ ಊಟದ ಹೊತ್ತಿಗೂ ಹೋಗಿರುತ್ತಿರಲಿಲ್ಲ. "ಮಾವ, ಇವರು ಗೆಲ್ಲುವುದಿಲ್ಲ, ನಿಮಗೇಕೆ ಇಷ್ಟು ಪಾಡು?" ಎಂದು ಒಮ್ಮೆ ಕೇಳಿದೆ. "ಮತ್ತೆ ನಾಳೆ ನೆಟ್ ಯಾರು ಕಟ್ಟುತ್ತಾರೋ?" ಎಂದರು. ಮಂಡಿನೋವಿನಿಂದ ಅವರು ಬರುವುದು ನಿಂತ ಎರಡನೆಯ ವರ್ಷಕ್ಕೆ ಆ ಜಾಗದಲ್ಲಿ ಇಟ್ಟಿಗೆ ರಾಶಿ ಬಿದ್ದಿತ್ತು.

ಬೆಂಗಳೂರಿನ ಐಪಿಎಲ್ ತಂಡಕ್ಕೆ ಹದಿನೆಂಟು ವರ್ಷ ಕಾದವರನ್ನು ನೀವು ಅಲ್ಲಿಂದಲೇ ನೋಡಿದ್ದೀರಿ. 2017ರಲ್ಲಿ 49 ರನ್ನಿಗೆ ಎಲ್ಲರೂ ಔಟಾದ ಮೇಲೂ "ಈ ಸಲ ಕಪ್ ನಮ್ದೇ" ಎಂದವರು ಅವರು. 2025ರ ಜೂನ್ 3ರಂದು ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತರು. ಅಷ್ಟು ವರ್ಷ ಸೋಲಿನಲ್ಲಿ ಕೈಬಿಡದವರನ್ನು ಗೆಲುವಿನ ದಿನ ಒಂದು ಬಾಗಿಲಲ್ಲಿ ಕ್ಷೇಮವಾಗಿ ಒಳಗೆ ಬಿಡಲು ನಮಗೆ ಆಗಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. "ಈಗ ಏನೂ ಅನ್ನಿಸುವುದಿಲ್ಲ" ಎಂದು ಬರೆದಿದ್ದೀರಿ. ಏನೂ ಅನ್ನಿಸದವರು ನಾಲ್ಕು ಪುಟ ಬರೆಯುವುದಿಲ್ಲ. ಪತ್ರದ ಜೊತೆ ಕಳುಹಿಸಿದ, ಮಗಳು ಪಂದ್ಯ ಬರೆದಿಟ್ಟ ಹಾಳೆಯ ಫೋಟೊವನ್ನು ನೀವೇ ಸರಿಯಾಗಿ ನೋಡಿಲ್ಲ ಎನ್ನಿಸುತ್ತದೆ. ಬ್ಯಾಟು ಬೀಸಿಯೂ ಚೆಂಡಿಗೆ ತಾಗಿಸಲಾಗದೆ ಔಟಾದವನಿಗೆ ನೆಟ್ಟಗಿನ ಇಂಗ್ಲಿಷ್ ಕೆ, ಬೀಸದೆ ನೋಡುತ್ತ ನಿಂತು ಔಟಾದವನಿಗೆ ಬೆನ್ನು ತಿರುಗಿಸಿದ ಕೆ. ಒಂದೇ ಹೊಡೆತಕ್ಕೆ ಇಬ್ಬರು ಔಟಾದ ಮನೆಯಲ್ಲಿ 6-4-3, ಚೆಂಡು ಕೈಯಿಂದ ಕೈಗೆ ಹೋದ ಫೀಲ್ಡರ್‌ಗಳ ಸ್ಥಾನದ ಸಂಖ್ಯೆಗಳು. ಒಂದು ಕಡೆ ತಪ್ಪು ಬರೆದು ರಬ್ಬರಿನಿಂದ ಉಜ್ಜಿ ಕಾಗದ ತೆಳುವಾಗಿದೆ, ಅದರ ಮೇಲೆ ಮತ್ತೆ ಸರಿಯಾಗಿ ಬರೆದಿದ್ದಾಳೆ. ಸೋತ ಪಂದ್ಯವನ್ನೂ ತಪ್ಪಿಲ್ಲದೆ ಬರೆಯಬೇಕೆಂದು ಹನ್ನೊಂದು ವರ್ಷದ ಮಗುವಿಗೆ ಅನ್ನಿಸಿದೆ. ಅವಳಿಗೆ ನೀವು ಹೇಳಬೇಕೆಂದಿರುವ ಬುದ್ಧಿ ಯಾವುದು?

2024ರ ಆಗಸ್ಟ್ 6ರ ಪುಟ ಅವಳ ಪುಸ್ತಕದಲ್ಲಿ ಇದ್ದೇ ಇರಬೇಕು. ಆಟ ದೂರದ ಓಕ್ಲೆಂಡಿನಲ್ಲಿ, ನಿಮ್ಮ ಗಡಿಯಾರದಲ್ಲಿ ಮಲಗುವ ಹೊತ್ತು ಮೀರಿತ್ತು. ಇಪ್ಪತ್ತೊಂದು ಸೋಲಿನ ಮೇಲೆ 5–1ರ ಗೆಲುವು. ಅವಳು ಎದ್ದಿದ್ದಳೇ, ನೀವು ಪಕ್ಕದಲ್ಲಿದ್ದಿರೇ ಎಂದು ತಿಳಿಸಿ. ಅವಳು ಒಪ್ಪಿದರೆ ಆ ಪುಟದ ನಕಲು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇನೆ. ಉಜ್ಜಿದ ಗುರುತು ಹಾಗೆಯೇ ಇರಲಿ.

— ಸಂಪಾದಕ