ಓದುಗರು ರೀಲ್ಸ್ ಕಡೆ ಹೋದ ಮೇಲೆ ಬ್ಲಾಗ್ ಬರೆಯುವುದರಲ್ಲಿ ಅರ್ಥವಿದೆಯೇ?

ಹಾಸನ ಜಿಲ್ಲೆಯ ಗುಡಿ, ಕೆರೆ, ಜಾತ್ರೆಗಳ ಬಗ್ಗೆ ಬಹಳ ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೀರಿ. ಮೊದಲೆಲ್ಲ ಫೇಸ್‌ಬುಕ್ಕಿನಲ್ಲಿ ಲಿಂಕ್ ಹಾಕಿದರೆ ಜನ ಬಂದು ಓದಿ, ಎರಡು ಮಾತು ಬರೆದು ಹೋಗುತ್ತಿದ್ದರು. ಈಗ ಅವರೆಲ್ಲ ರೀಲ್ಸ್ ಮತ್ತು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿದ್ದಾರೆ. ಬ್ಲಾಗ್ ನಿಲ್ಲಿಸಿ ವಿಡಿಯೊ ಮಾಡಿ ಎಂದು ಗೆಳೆಯರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ತೋಟ, ಮಳೆ, ನಮ್ಮ ಸೀಮೆಯ ಗಿಡಮರಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತ ಬಂದಿದ್ದೇನೆ. ನನ್ನ ಓದುಗರೂ ನಿಮ್ಮ ಓದುಗರು ಹೋದ ದಾರಿಯಲ್ಲೇ ಹೋದರು. ಆದರೂ ನಿಲ್ಲಿಸಬೇಡಿ ಎಂದೇ ಹೇಳುತ್ತೇನೆ. ಇಂದು ಬೆಳಿಗ್ಗೆ ಯಾರು ನೋಡಿದರು ಎಂಬ ಲೆಕ್ಕವನ್ನು ಮಾತ್ರ ಬಿಟ್ಟುಬಿಡಿ. ನಾಲ್ಕೈದು ವರ್ಷಗಳ ನಂತರ ಒಂದು ನಿರ್ದಿಷ್ಟ ಸಂಗತಿಯನ್ನು ಹುಡುಕಿಕೊಂಡು ಬರುವ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ನನ್ನ ಬ್ಲಾಗ್ ಉಳಿದಿರುವುದು ಇದೊಂದರಿಂದಲೇ.

ಯಾಕೆ ಹೀಗೆ ಹೇಳುತ್ತೇನೆಂದರೆ, 2019ರ ಆಗಸ್ಟ್ ತಿಂಗಳ ಮಳೆ ನಿಮಗೂ ನೆನಪಿರಬಹುದು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದವು, ತೋಟಗಳು ಮಣ್ಣಿನಡಿ ಹೋದವು, ಚಾರ್ಮಾಡಿ ಘಾಟಿಯಲ್ಲಿ ವಾಹನ ಸಂಚಾರ ನಿಂತುಹೋಯಿತು. ಆ ದಿನಗಳಲ್ಲಿ ನಮಗೆಲ್ಲ ಸುದ್ದಿ ಸಿಗುತ್ತಿದ್ದದ್ದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ: ಯಾವ ಸೇತುವೆಯ ಮೇಲೆ ನೀರು ಬಂದಿದೆ, ಯಾರ ಮನೆಯವರು ಎಲ್ಲಿಗೆ ಸ್ಥಳಾಂತರಗೊಂಡಿದ್ದಾರೆ, ಯಾವ ದಾರಿಯಲ್ಲಿ ಜೀಪು ಹೋಗುತ್ತದೆ. ಅಷ್ಟು ಉಪಯುಕ್ತವಾದ ಆ ಸಂದೇಶಗಳಲ್ಲಿ ಇಂದು ಹುಡುಕಿ ತೆಗೆಯಬಹುದಾದದ್ದು ಏನೂ ಇಲ್ಲವೆಂದೇ ಹೇಳಬೇಕು. ಫೋನುಗಳು ಬದಲಾದವು, ಗುಂಪುಗಳು ಮುಚ್ಚಿದವು, ಜಾಗ ಸಾಲದೆ ಜನ ಚಿತ್ರಗಳನ್ನು ಅಳಿಸಿದರು. ನಾನು ಆ ವಾರ ರಾತ್ರಿಗಳಲ್ಲಿ ಬ್ಲಾಗಿನಲ್ಲಿ ದಿನಕ್ಕೊಂದು ಸಣ್ಣ ಟಿಪ್ಪಣಿ ಹಾಕುತ್ತಿದ್ದೆ. ತೋಟದ ಮಳೆಮಾಪಕದಲ್ಲಿ ಬೆಳಿಗ್ಗೆ ಅಳೆದ ಮಳೆ ಎಷ್ಟು, ಯಾವ ರಸ್ತೆ ಮುಚ್ಚಿದೆ, ಕರೆಂಟ್ ಯಾವಾಗ ಹೋಯಿತು, ಹಳ್ಳದ ನೀರಿನ ಬಣ್ಣ ಯಾವಾಗ ಕೆಂಪಾಯಿತು, ಇಷ್ಟೇ. ಆಗ ಅದನ್ನು ಓದಿದವರು ಬೆರಳೆಣಿಕೆಯ ಜನ. ನಂತರದ ವರ್ಷಗಳಲ್ಲಿ ಭೂಕುಸಿತದ ಬಗ್ಗೆ ಅಧ್ಯಯನ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಅದನ್ನು ಹುಡುಕಿ ತೆಗೆದು, ಯಾವ ದಿನದ ನಂತರ ಕುಸಿತ ಶುರುವಾಯಿತು ಎಂದು ವಿವರವಾಗಿ ಕೇಳಿದರು. ನಮ್ಮ ಕಡೆ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ ಹೇಳುತ್ತಾರೆ, ನೂರು ಸೆಂಟ್ ಎಂದರೆ ಒಂದು ಇಂಚು. ಪತ್ರಿಕೆಯ ಲೆಕ್ಕ ಮಿಲಿಮೀಟರಿನಲ್ಲಿರುತ್ತದೆ. ಆ ವಿದ್ಯಾರ್ಥಿನಿಯ ಪತ್ರ ಬಂದ ಮೇಲೆ ನಾನು ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ಎರಡೂ ಲೆಕ್ಕವನ್ನು ಕೊಡುತ್ತಿದ್ದೇನೆ.

ನಿಮ್ಮ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ರೀಲ್ಸ್‌ಗೆ ಕೊರತೆಯಿಲ್ಲ. ಆದರೆ ಮೊಸಳೆ, ಕೊರವಂಗಲ, ಹಾರನಹಳ್ಳಿಯ ಗುಡಿಗಳನ್ನು ಸುತ್ತು ಹಾಕಿ ನೋಡಿ, ಕನ್ನಡದಲ್ಲಿ ಸಾವಧಾನವಾಗಿ ಬರೆದವರು ಎಷ್ಟು ಜನ? ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಕಾಳಿಯ ವಿಗ್ರಹ 2020ರ ನವೆಂಬರಿನಲ್ಲಿ ಒಡೆದ ಸ್ಥಿತಿಯಲ್ಲಿ ಕಂಡುಬಂದಾಗ ಜಿಲ್ಲೆಯೇ ನೊಂದುಕೊಂಡಿತು. ಅದಕ್ಕೂ ಮೊದಲು ನೀವು ಆ ಗುಡಿಗೆ ಹೋಗಿ ಬರೆದದ್ದಿದ್ದರೆ, ಯಾವ ತಿಂಗಳು ಹೋಗಿದ್ದಿರಿ, ಗುಡಿಯ ಒಳಗೆ ಏನು ಕಂಡಿರಿ ಎಂಬ ದಿನಾಂಕ ಸಹಿತವಾದ ಆ ಬರಹಕ್ಕೆ ಇಂದು ಇರುವ ಬೆಲೆಯನ್ನು ಯಾವ ಲೈಕಿನ ಲೆಕ್ಕವೂ ಹೇಳಲಾರದು.

ಜಾಲತಾಣಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವುಗಳ ಆಯುಸ್ಸನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬ್ಲಾಗುಗಳಿಗೆ ಓದುಗರನ್ನು ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿದವು. ವಿಡಿಯೊ ಮಾಡಿ ಹೆಸರು ಗಳಿಸಿದ್ದವರಿಗೆ 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅದೇ ವರ್ಷದ ಅಕ್ಟೋಬರ್ 31ರ ನಂತರ ಫೇಸ್‌ಬುಕ್ಕಿನಲ್ಲಿ ಹೊಸ ನೋಟ್ಸ್ ಬರೆಯುವ ಸೌಲಭ್ಯವೇ ಹೋಯಿತು. ನಮ್ಮವರಲ್ಲಿ ಎಷ್ಟೋ ಜನ ದೀರ್ಘ ಬರಹಗಳನ್ನು ಬ್ಲಾಗ್ ಬಿಟ್ಟು ಅಲ್ಲಿಯೇ ಬರೆಯಲು ಶುರುಮಾಡಿದ್ದರು. ಇಷ್ಟೆಲ್ಲ ಆಗುತ್ತಿರುವಾಗ 1999ರಲ್ಲಿ ಹುಟ್ಟಿದ ಬ್ಲಾಗರ್ ಮತ್ತು 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ನಡೆದುಕೊಂಡೇ ಬಂದಿವೆ. ಅವೂ ಶಾಶ್ವತವೆಂದು ನಾನು ನಂಬುವುದಿಲ್ಲ, ಆ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಇನ್ನು, ಜನ ಇರುವ ಕಡೆಗೆ ನಾವೇ ಹೋಗಬೇಕಾದದ್ದು ನಿಜ. ಬರಹ ಮೊದಲು ಬ್ಲಾಗಿನಲ್ಲಿ ಪೂರ್ತಿಯಾಗಿ ಬರಲಿ, ಆಮೇಲೆ ಅದರ ಒಂದು ತುಣುಕು ಬೇರೆಡೆಗೆ ಹೋಗಲಿ. ಬರೀ ಲಿಂಕ್ ಕಳುಹಿಸಿದರೆ ವಾಟ್ಸ್‌ಆ್ಯಪ್ಪಿನಲ್ಲಿ ಯಾರೂ ಒತ್ತುವುದಿಲ್ಲ. ನಾನು ಮೂರು ನಾಲ್ಕು ವಾಕ್ಯಗಳಲ್ಲಿ ಮುಖ್ಯ ಸಂಗತಿಯನ್ನು ಹೇಳಿಯೇಬಿಟ್ಟು, ಹೆಚ್ಚಿನ ವಿವರ ಬೇಕಾದವರಿಗೆ ಎಂದು ಕೊನೆಯಲ್ಲಿ ಲಿಂಕ್ ಇಡುತ್ತೇನೆ. ಸಂದೇಶವನ್ನು ಮಾತ್ರ ಓದಿದವರಿಗೂ ಏನಾದರೂ ಸಿಗಬೇಕು. ಕುತೂಹಲ ಕೆರಳಿಸಿ ಕೈಬಿಡುವ ಸಂದೇಶಗಳಿಂದ ಜನ ಬೇಸತ್ತಿದ್ದಾರೆ. ಗುಂಪುಗಳಿಗಿಂತ, ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ ಮೇಲು. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಕೇಳಿಯೇ ಸೇರಿಸಿಕೊಳ್ಳಬೇಕಾಗುತ್ತದೆ, ಅದು ಒಳ್ಳೆಯದೇ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೂ ಒತ್ತಲು ಬರುವುದಿಲ್ಲ, ಬರಹಕ್ಕೆ 2,200 ಅಕ್ಷರಗಳ ಮಿತಿಯೂ ಇದೆ, ಆದ್ದರಿಂದ ಅಲ್ಲಿ ಒಂದು ಚಿತ್ರ, ಊರಿನ ಹೆಸರು, ಬ್ಲಾಗಿನ ಹೆಸರು ಸಾಕು. ವಿಡಿಯೊ ಮಾಡುವುದಿದ್ದರೆ ಅಕ್ಷರದಲ್ಲಿ ಹಿಡಿಯಲಾಗದ್ದಕ್ಕೆ ಮಾಡಿ. ತೇರು ಎಳೆಯುವಾಗಿನ ಕೂಗು, ಡೊಳ್ಳಿನ ಸದ್ದು, ಇವನ್ನು ನಾನು ಎಷ್ಟು ಬರೆದರೂ ಓದುಗನ ಕಿವಿಗೆ ಮುಟ್ಟಿಸಲಾರೆ.

ಚಿತ್ರಗಳ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್ಪಿನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ. ಮೂಲ ಕಡತವನ್ನು ಬೇರೆ ಇಟ್ಟುಕೊಳ್ಳಿ, ಬ್ಲಾಗಿನಲ್ಲಿ ಚಿತ್ರದ ಕೆಳಗೆ ಊರು, ತಿಂಗಳು, ವರ್ಷವನ್ನು ಅಕ್ಷರದಲ್ಲೇ ಬರೆಯಿರಿ.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ಒಂದೆರಡು ತೊಡಕುಗಳಿವೆ, ಇವನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಬ್ಲಾಗರಿನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬರಹದ ವಿಳಾಸದಲ್ಲಿ ಆ ಶೀರ್ಷಿಕೆ ಬರುವುದೇ ಇಲ್ಲ. ‘ಬ್ಲಾಗ್-ಪೋಸ್ಟ್’ ಎಂಬ ಪದ, ಅದರ ಮುಂದೊಂದು ಸಂಖ್ಯೆ, ಇಷ್ಟೇ ಬರುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡ ಶೀರ್ಷಿಕೆ ವಿಳಾಸಕ್ಕೆ ಹೋಗುತ್ತದೆ, ಆದರೆ ನಕಲು ಮಾಡಿ ಕಳುಹಿಸಿದಾಗ ಒಂದೊಂದು ಕನ್ನಡ ಅಕ್ಷರವೂ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳು ಸೇರಿದ ಕಡಿಮೆಯೆಂದರೂ ಒಂಬತ್ತು ಗುರುತುಗಳಾಗಿ ಹರಡಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ಪಿನಲ್ಲಿ ಅಂಥ ಆರೇಳು ಸಾಲುಗಳ ವಿಳಾಸವನ್ನು ಕಂಡವರು ಇದೇನೋ ಮೋಸದ ಲಿಂಕ್ ಎಂದು ಹೆದರುತ್ತಾರೆ. ಎರಡಕ್ಕೂ ಪರಿಹಾರ ಒಂದೇ. ಪ್ರಕಟಿಸುವ ಮೊದಲು ಪರ್ಮಾಲಿಂಕ್ (ಬರಹದ ವಿಳಾಸ) ಎಂಬಲ್ಲಿ ಊರಿನ ಹೆಸರು, ವಿಷಯ ಇವೆರಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಚಿಕ್ಕದಾಗಿ ಬರೆಯಿರಿ. ಹಳೆಯ ಬರಹಗಳ ವಿಳಾಸವನ್ನು ಈಗ ಬದಲಿಸಲು ಹೋಗಬೇಡಿ, ಎಲ್ಲೆಲ್ಲೋ ಹಂಚಿಹೋಗಿರುವ ಲಿಂಕುಗಳು ಮುರಿಯುತ್ತವೆ.

ಎರಡನೆಯದು, ನಿಮ್ಮ ಮೊದಲ ವರ್ಷಗಳ ಬರಹಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಿಂದ ನೇರವಾಗಿ ಅಂಟಿಸಿದ್ದು ಅಥವಾ ಚಿತ್ರವಾಗಿ ಹಾಕಿದ್ದು ಇದೆಯೇ ನೋಡಿ. ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಇಲ್ಲದ ಬರಹ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಬೇಸರದ ಕೆಲಸ, ಆದರೆ ಹೊಸದಾಗಿ ಹತ್ತು ಬರಹ ಬರೆಯುವುದಕ್ಕಿಂತ ಇದರಿಂದ ಹೆಚ್ಚು ಫಲವಿದೆ ಎಂದು ನನಗನ್ನಿಸುತ್ತದೆ. ಶೀರ್ಷಿಕೆಯಲ್ಲಿ ಕಾವ್ಯ ಬೇಡ, ಊರಿನ ಹೆಸರು ಇರಲಿ.

ವಾರಕ್ಕೊಂದು ಬರೆಯಬೇಕೆಂಬ ಹಟವನ್ನೂ ಬಿಡಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಿದ್ದಾಗ, ಮುಂಗಾರಿಗೆ ಮೊದಲು, ಮಳೆ ಬಿಟ್ಟಾಗ ಬರೆಯುತ್ತೇನೆ. ಹೊಸದು ಬರೆಯುವುದಕ್ಕಿಂತ ಹಳೆಯದನ್ನು ಬೆಳೆಸುವುದು ನನಗೆ ಹೆಚ್ಚು ಇಷ್ಟವಾಗಿದೆ. ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಶಿಲೀಂಧ್ರನಾಶಕ, ಶೇ. 1ರ ಬೋರ್ಡೋ ದ್ರಾವಣದ ಬಗ್ಗೆ ಒಂದು ಬರಹವಿದೆ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅದನ್ನು ಓದಿದ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, ‘ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಬೇಕು ಅಂತ ಬರೆದಿಲ್ಲವಲ್ಲ ಮಾರಾಯ್ರೆ, ಆಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು, ಚಾಕುವಿನ ಮೇಲೆ ತಾಮ್ರ ಕೂತು ಕೆಂಪಾದರೆ ಸುಣ್ಣ ಇನ್ನೂ ಬೇಕು ಅಂತ ಲೆಕ್ಕ’ ಎಂದರು. ಅವರ ಒಪ್ಪಿಗೆ ಪಡೆದು ಆ ಮಾತನ್ನು ದಿನಾಂಕ ಹಾಕಿ ಬರಹದ ಕೆಳಗೆ ಸೇರಿಸಿದೆ. ಈಗ ಬ್ಲಾಗಿನ ಕೆಳಗೆ ಯಾರೂ ಅಭಿಪ್ರಾಯ ಬರೆಯುವುದಿಲ್ಲ ಎಂದು ನೀವು ನೊಂದುಕೊಂಡಿದ್ದೀರಿ. ಮಾತುಕತೆ ಫೋನಿಗೆ ಮತ್ತು ವಾಟ್ಸ್‌ಆ್ಯಪ್ಪಿನ ಧ್ವನಿ ಸಂದೇಶಕ್ಕೆ ಹೋಗಿದೆ. ಅಲ್ಲಿಂದ ಅದನ್ನು ಬ್ಲಾಗಿಗೆ ತರುವ ಕೆಲಸ ಈಗ ನಮ್ಮದು. ಆ ಬರಹವನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಜನ ತಾವಾಗಿ ಹುಡುಕಿಕೊಂಡು ಬರುತ್ತಾರೆ, ನಾನು ಯಾರಿಗೂ ಕಳುಹಿಸಬೇಕಾಗಿಲ್ಲ.

ನಿಮಗೆ ಇದಕ್ಕಿಂತ ಒಳ್ಳೆಯ ಅವಕಾಶವಿದೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆದು ದೀಪಾವಳಿಯ ಹೊತ್ತಿಗೆ ಮುಚ್ಚುತ್ತದೆ. ಪ್ರತಿವರ್ಷವೂ ಎಂದು ತೆರೆಯುತ್ತಾರೆ, ಸಾಲು ಎಲ್ಲಿಂದ ಶುರು, ವಯಸ್ಸಾದವರನ್ನು ಕರೆದುಕೊಂಡು ಬರಬಹುದೇ ಎಂದು ನಾಡಿನ ಜನವೆಲ್ಲ ಕೇಳುತ್ತಾರೆ. ಪ್ರತಿವರ್ಷ ಹೊಸ ಬರಹ ಹಾಕದೆ ಒಂದೇ ಪುಟವನ್ನಿಟ್ಟುಕೊಂಡು, ಆ ವರ್ಷದ ದಿನಾಂಕವನ್ನೂ ನೀವು ಕಂಡ ವ್ಯವಸ್ಥೆಯನ್ನೂ ಮೇಲೆ ಸೇರಿಸಿ, ಹಿಂದಿನ ವರ್ಷಗಳದ್ದನ್ನು ಕೆಳಗೆ ಹಾಗೆಯೇ ಉಳಿಸಿಕೊಳ್ಳಿ. ಕೆಲವು ವರ್ಷಗಳಲ್ಲಿ ಆ ಪುಟ ಜಾತ್ರೆಯ ಇತಿಹಾಸವೇ ಆಗುತ್ತದೆ. ಬೇಲೂರಿನ ಚೆನ್ನಕೇಶವನ ತೇರಿಗೂ ಹೀಗೆಯೇ ಮಾಡಬಹುದು.

ಕೊನೆಯದಾಗಿ, ಉಳಿಸಿಕೊಳ್ಳುವ ವಿಚಾರ. ಬ್ಲಾಗರಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದರೆ ಬರಹಗಳು ಮತ್ತು ಅಭಿಪ್ರಾಯಗಳು ಒಂದು ಕಡತವಾಗಿ ಇಳಿಯುತ್ತವೆ, ಆದರೆ ಅದರಲ್ಲಿ ಚಿತ್ರಗಳ ವಿಳಾಸ ಮಾತ್ರ ಇರುತ್ತದೆ, ಚಿತ್ರಗಳು ಇರುವುದಿಲ್ಲ. ಅವನ್ನು ಬೇರೆಯಾಗಿಯೇ ಹಾರ್ಡ್ ಡಿಸ್ಕಿಗೆ ಹಾಕಿಡಬೇಕು. ಮುಖ್ಯವೆನಿಸಿದ ಪುಟಗಳನ್ನು, ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ನೀವೇ ಉಳಿಸಬಹುದು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ, ಆದ್ದರಿಂದ ಬರೆಯದ ಕಾಲದಲ್ಲೂ ಆಗಾಗ ಲಾಗಿನ್ ಆಗುತ್ತಿರಿ. ನಿಮ್ಮ ನಂತರ ಖಾತೆಯಲ್ಲಿನ ಮಾಹಿತಿ ಯಾರಿಗೆ ಸಿಗಬೇಕು ಎಂದು ತಿಳಿಸುವ ಸೌಲಭ್ಯವೂ ಗೂಗಲ್ ಖಾತೆಯಲ್ಲಿದೆ, ಮನೆಯಲ್ಲಿ ಆಸಕ್ತಿಯಿರುವ ಒಬ್ಬರ ಹೆಸರನ್ನು ಅಲ್ಲಿ ಕೊಡಿ.

ನಿಮ್ಮ ಬ್ಲಾಗಿನ ವಿಳಾಸವನ್ನು ಪ್ರಶ್ನೆಯ ಜೊತೆ ಸೇರಿಸಿದರೆ ಉಪಕಾರವಾದೀತು. ಬೇಲೂರು ಸೀಮೆಯ ಕೆರೆಗಳ ಏರಿ ಮತ್ತು ತೂಬುಗಳ ಬಗ್ಗೆ ನೀವು ಬರೆದದ್ದಿದ್ದರೆ ಅದನ್ನು ನಾನು ಮೊದಲು ಓದಲು ಬಯಸುತ್ತೇನೆ.