ಕುರಿ ಕದ್ದ ಅಪ್ಪ, ದೂರು ಕೊಟ್ಟ ಮಗ

ಪ್ರಿಯ ಓದುಗರೇ,

ಅಪ್ಪ ಕುರಿ ಕದ್ದರೆ ಮಗ ಅದನ್ನು ಮುಚ್ಚಿಡಬೇಕು ಎಂದ ಕನ್ಫ್ಯೂಷಿಯಸ್ ನೀತಿಯ ಗುರು ಹೇಗಾದ, ಕಾನೂನೇ ಎಲ್ಲರಿಗಿಂತ ದೊಡ್ಡದು ಎಂದ ಚೀನಾದ ಇನ್ನೊಬ್ಬ ಚಿಂತಕ ಹಾನ್ ಫೇ ಹೇಳಿದ್ದೇ ಸರಿ ಅಲ್ವಾ ಎಂದು ಸಿಟ್ಟಿನಿಂದ ಕೇಳಿದ್ದೀರಿ. ದೊಡ್ಡವರ ಮಕ್ಕಳು ತಪ್ಪು ಮಾಡಿ ಜಾರಿಕೊಳ್ಳುವುದನ್ನು ಕಂಡವರಿಗೆ ಆ ಸಿಟ್ಟು ಬಂದೇ ಬರುತ್ತದೆ.

ಹಾನ್ ಫೇಗೂ ಬಂದಿತ್ತು. ಅವನದು ಕ್ರಿ.ಪೂ. 3ನೇ ಶತಮಾನ. ಚೀನಾದ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದವು. ಒಳ್ಳೆಯ ರಾಜ ಹುಟ್ಟಿಬರಲಿ ಅಂತ ಕಾದು ಕೂತರೆ ಆಗದು, ಸಾಧಾರಣ ರಾಜನ ಕೈಯಲ್ಲೂ ನಡೆಯುವ ಕಾನೂನು ಬೇಕು ಅಂದ. ಅದು ಸಿರಿವಂತರ ಮುಂದೆ ಬಾಗಬಾರದು ಅಂದ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕುರಿಯ ಕಥೆ ಅವನ ಬರಹದಲ್ಲೂ ಇದೆ. ಅಲ್ಲಿ ದೂರು ಕೊಟ್ಟ ಮಗನನ್ನೇ, ಅಪ್ಪನಿಗೆ ದ್ರೋಹ ಮಾಡಿದ ಎಂದು ಮಂತ್ರಿ ಕೊಲ್ಲಿಸುತ್ತಾನೆ. ಹಾನ್ ಫೇಗೆ ಅದು ತಪ್ಪಾಗಿ ಕಂಡಿತು. ಅಪ್ಪನಿಗೆ ಒಳ್ಳೆಯ ಮಗನಾದವನು ರಾಜನಿಗೆ ಒಳ್ಳೆಯ ಪ್ರಜೆಯಾಗಲಾರ, ಆಳುವವನು ಒಂದನ್ನು ಆರಿಸಲೇಬೇಕು ಎಂಬುದು ಅವನ ವಾದ.

ನಾನು ಅವನ ಕೈ ಬಿಡುವುದು ಇಲ್ಲೇ. ಕದಿಯುವುದು ಸರಿ ಎಂದು ಕನ್ಫ್ಯೂಷಿಯಸ್ ಹೇಳಲಿಲ್ಲ. ಕಳ್ಳನನ್ನು ಬಿಟ್ಟುಬಿಡಿ ಅಂತಲೂ ಹೇಳಲಿಲ್ಲ. ಹಿಡಿದುಕೊಡುವ ಕೆಲಸ ಮಗನದಲ್ಲ ಅಂದ, ನಾನು ಓದಿಕೊಂಡದ್ದು ಹಾಗೆ. ಬರೀ ಶಿಕ್ಷೆಯಿಂದ ಆಳಿದರೆ ಜನ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ, ನಾಚಿಕೆಪಡುವುದನ್ನು ಕಲಿಯುವುದಿಲ್ಲ ಎಂದೂ ಅವನು ಹೇಳಿದ್ದ. ಆ ನಾಚಿಕೆ ಮೊದಲು ಹುಟ್ಟುವುದು ಮನೆಯಲ್ಲಿ. ಮನೆಯವರೇ ಒಬ್ಬರ ಮೇಲೊಬ್ಬರು ಚಾಡಿ ಹೇಳತೊಡಗಿದರೆ ಅದನ್ನು ಮತ್ತೆಲ್ಲಿಂದ ತರೋಣ?

ಆ ರಾಜ್ಯಗಳಲ್ಲಿ ಒಂದಾದ ಚಿನ್‌ನಲ್ಲಿ ಮಂತ್ರಿ ಶಾಂಗ್ ಯಾಂಗ್ ಹೀಗೆ ಚಾಡಿ ಹೇಳಿಸುವುದನ್ನೇ ಮಾಡಿದ್ದ. ಐದೈದು, ಹತ್ತುಹತ್ತು ಮನೆಗಳನ್ನು ಒಂದು ಗುಂಪು ಮಾಡಿದ. ನೆರೆಯವರ ತಪ್ಪನ್ನು ಹೇಳದಿದ್ದವರಿಗೂ ಶಿಕ್ಷೆ. ರಾಜ್ಯ ಬಲವಾಯಿತು, ನಿಜ. ಕ್ರಿ.ಪೂ. 221ರಲ್ಲಿ ಚಿನ್ ಇಡೀ ಚೀನಾವನ್ನು ಗೆದ್ದಿತು. ಆದರೆ 209ರಲ್ಲಿ ಏನಾಯ್ತು ನೋಡಿ. ಗಡಿ ಕಾಯಲು ಹೊರಟ 900 ಜನ ಮಳೆಗೆ ಸಿಕ್ಕಿ ದಾರಿಯಲ್ಲೇ ಉಳಿದರು. ತಡವಾದರೆ ತಲೆ ಹೋಗುತ್ತದೆ, ಓಡಿಹೋದರೂ ಸಾವೇ, ದಂಗೆ ಎದ್ದರೂ ಸಾವೇ. ಹಾಗಾದರೆ ದಂಗೆಯೇ ಏಳೋಣ ಅಂದರಂತೆ, ಇತಿಹಾಸಕಾರ ಸೀಮಾ ಛಿಯೆನ್ ಬರೆದಿರುವ ಪ್ರಕಾರ. ಮೂರೇ ವರ್ಷದಲ್ಲಿ ಆ ಸಾಮ್ರಾಜ್ಯ ಮುಗಿಯಿತು.

ಇವತ್ತಿನ ಚೀನಾ 2012ರಲ್ಲಿ ಕ್ರಿಮಿನಲ್ ವಿಚಾರಣೆಯ ಕಾನೂನನ್ನು ತಿದ್ದಿತು. ಆರೋಪಿಯ ಗಂಡ ಅಥವಾ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಇವರನ್ನು ಸಾಕ್ಷಿ ಹೇಳಲು ಬಲವಂತವಾಗಿ ಕೋರ್ಟಿಗೆ ಕರೆತರುವಂತಿಲ್ಲ ಎಂದು ಅದರಲ್ಲಿ ಸೇರಿಸಿದರು. ಕುರಿ ಕಳ್ಳನನ್ನು ಹಿಡಿಯಲು ಪೊಲೀಸರು ಇದ್ದೇ ಇದ್ದಾರೆ.

- ಸಂಪಾದಕ