ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮೆನೊನೈಟ್ ಸಭೆಗಳು ಪ್ರಾರ್ಥನೆಯ ಜೊತೆಗೆ ಶಾಂತಿಗಾಗಿ ಏನು ಮಾಡಿದವು?

ಶಸ್ತ್ರ ಹಿಡಿಯಲು ಒಪ್ಪದ ಈ ಕ್ರೈಸ್ತ ಪಂಗಡದವರ ಪ್ರಾರ್ಥನೆ ಚರ್ಚಿನ ಗೋಡೆಗಳೊಳಗೇ ಉಳಿಯಲಿಲ್ಲ. ಕಡ್ಡಾಯ ಸೈನಿಕ ಸೇವೆಗೆ ಬದಲಾಗಿ ಕ್ವೇಕರ್ ಮತ್ತು ಬ್ರೆದ್ರೆನ್ ಪಂಗಡಗಳೊಡನೆ ಸೇರಿ, ಸರ್ಕಾರದೊಂದಿಗೆ ಮಾತುಕತೆ ನಡೆಸಿ ರೂಪಿಸಿದ ‘ಸಿವಿಲಿಯನ್ ಪಬ್ಲಿಕ್ ಸರ್ವಿಸ್’ ಎಂಬ ವ್ಯವಸ್ಥೆಯಲ್ಲಿ 1941ರಿಂದ 1947ರವರೆಗೆ ದುಡಿದ ಸುಮಾರು 12,000 ಮಂದಿಯಲ್ಲಿ ಮೆನೊನೈಟರೇ ನಾಲ್ಕು ಸಾವಿರಕ್ಕಿಂತ ಹೆಚ್ಚಿದ್ದರು. ಅವರು ಮಣ್ಣಿನ ಸವಕಳಿ ತಡೆದರು, ಗಿಡ ನೆಟ್ಟರು. ಮೊಂಟಾನಾದಲ್ಲಿ ಕೆಲವರು ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಕಾಡ್ಗಿಚ್ಚಿನ ಸಮೀಪಕ್ಕೇ ಧುಮುಕಿದರು. ಹೇಡಿಗಳೆಂದು ಜರೆದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲವೆಂದು ನನಗೆ ತೋರುತ್ತದೆ. ಸರ್ಕಾರ ಸಂಬಳ ಕೊಡಲಿಲ್ಲ. ಇವರು ತಂಗಿ ದುಡಿದ ಶಿಬಿರಗಳ ಖರ್ಚಿನ ಬಹುಪಾಲನ್ನು ಸಭೆಗಳೇ ಕಾಣಿಕೆ ಎತ್ತಿ ಭರಿಸಿದವು. ಇದೇ ಸೇವೆಯಲ್ಲಿ ಕೆಲವರನ್ನು ಮಾನಸಿಕ ಆಸ್ಪತ್ರೆಗಳ ಕೆಲಸಕ್ಕೂ ಹಚ್ಚಲಾಗಿತ್ತು. ಕಿಕ್ಕಿರಿದ ಆ ಆಸ್ಪತ್ರೆಗಳಲ್ಲಿ ರೋಗಿಗಳು ಅನುಭವಿಸುತ್ತಿದ್ದ ಕ್ರೌರ್ಯವನ್ನು ಕಣ್ಣಾರೆ ಕಂಡ ಯುವಕರ ಅನುಭವವೇ, ಯುದ್ಧಾನಂತರ ಮೆನೊನೈಟರು ತಮ್ಮದೇ ಮಾನಸಿಕ ಚಿಕಿತ್ಸಾಲಯಗಳನ್ನು ತೆರೆಯಲು ಕಾರಣವಾಯಿತು.